ಚಿಮಣಿ ಕಾಣುವ ಊರಿನಲ್ಲೂ ಕರೆಂಟ್ ಏಕೆ ಹೋಗುತ್ತದೆ?

ರಾಯಚೂರು ಸೀಮೆಗೆ ಹೊಸದಾಗಿ ನೌಕರಿಗೆ ಬಂದವರೆಲ್ಲ ಮೊದಲ ಬೇಸಿಗೆಯಲ್ಲೇ ಕೇಳುವ ಪ್ರಶ್ನೆಯನ್ನು ನೀವೂ ಕೇಳಿದ್ದೀರಿ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಹೊಲದ ಬದುವಿನಿಂದಲೇ ಕಾಣುತ್ತವೆ, ಯರಮರಸ್ ಸ್ಥಾವರವಂತೂ ನಗರದ ಮಗ್ಗುಲಲ್ಲೇ ಇದೆ. ಹೀಗಿದ್ದೂ ಮೇ ತಿಂಗಳಲ್ಲಿ ಸಂಜೆಯ ಗಾಳಿ ಎದ್ದ ಕೂಡಲೇ ಹಳ್ಳಿಗಳೆಲ್ಲ ಕತ್ತಲಾಗುವುದೇಕೆ? ಕೃಷ್ಣೆಯ ದಡದ ಗಡಿ ಊರಿನಲ್ಲಿ ಬೆಳೆದ ನನಗೂ ಈ ಪ್ರಶ್ನೆ ಬಹಳ ಕಾಲ ಕಾಡಿದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ. ವಿದ್ಯುತ್ತನ್ನು ತಯಾರಿಸುವವರು ಬೇರೆ, ದೂರಕ್ಕೆ ಸಾಗಿಸುವವರು ಬೇರೆ, ಮನೆಗೆ ಹಂಚುವವರು ಬೇರೆ. ಸ್ಥಾವರ ಹತ್ತಿರವಿದೆ ಎಂಬುದಕ್ಕೂ ನಿಮ್ಮ ಮನೆಯ ದೀಪಕ್ಕೂ ನೇರ ಸಂಬಂಧವಿಲ್ಲ.

ತಯಾರಿಕೆಯ ಕೆಲಸ ಮುಖ್ಯವಾಗಿ ಕರ್ನಾಟಕ ವಿದ್ಯುತ್ ನಿಗಮದ್ದು. 1970ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಶಕ್ತಿನಗರ ಸ್ಥಾವರದಲ್ಲಿ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಈಗ ಅಲ್ಲಿ 210 ಮೆಗಾವ್ಯಾಟ್‌ನ ಏಳು ಘಟಕಗಳು ಮತ್ತು 250 ಮೆಗಾವ್ಯಾಟ್‌ನ ಒಂದು ಘಟಕ ಸೇರಿ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಯರಮರಸ್‌ನಲ್ಲಿ 800 ಮೆಗಾವ್ಯಾಟ್‌ನ ಎರಡು ಘಟಕಗಳಿವೆ, ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ ಮೂರು ಘಟಕಗಳಿಂದ 1,700 ಮೆಗಾವ್ಯಾಟ್ ಇದೆ. ಅಂದರೆ ಈ ಎರಡು ಜಿಲ್ಲೆಗಳಲ್ಲಿಯೇ ಐದು ಸಾವಿರ ಮೆಗಾವ್ಯಾಟ್ ದಾಟಿದ ಕಲ್ಲಿದ್ದಲು ವಿದ್ಯುತ್ತಿನ ಸಾಮರ್ಥ್ಯವಿದೆ. ನಮ್ಮಲ್ಲಿ ಕಲ್ಲಿದ್ದಲು ಇಲ್ಲ; ತೆಲಂಗಾಣದ ಸಿಂಗರೇಣಿಯಿಂದಲೂ ಮಹಾರಾಷ್ಟ್ರ, ಒಡಿಶಾಗಳ ಗಣಿಗಳಿಂದಲೂ ರೈಲಿನಲ್ಲಿ ಬರಬೇಕು. 210 ಮೆಗಾವ್ಯಾಟ್‌ನ ಒಂದೇ ಘಟಕ ಹಗಲು ರಾತ್ರಿ ಪೂರ್ಣವಾಗಿ ಉರಿದರೆ ದಿನಕ್ಕೆ ಸುಮಾರು ಮೂರು ಸಾವಿರ ಟನ್ನಿಗೂ ಹೆಚ್ಚು ಬೇಕಾಗುತ್ತದೆ. ಉಗಿಗೂ ಯಂತ್ರ ತಂಪಾಗಿಸುವುದಕ್ಕೂ ಕೃಷ್ಣೆಯ ನೀರು ಬೇಕು. ಆದ್ದರಿಂದ ಬೇಸಿಗೆಯಲ್ಲಿ ಶಕ್ತಿನಗರದವರು ಕಲ್ಲಿದ್ದಲು ತರುವ ರೈಲುಗಳ ಜೊತೆಗೆ ನಾರಾಯಣಪುರ ಜಲಾಶಯದ ಮಟ್ಟವನ್ನೂ ನೋಡುತ್ತಿರುತ್ತಾರೆ.

ಹೀಗೆ ತಯಾರಾದ ವಿದ್ಯುತ್ತು 220 ಮತ್ತು 400 ಕೆವಿ (ಒಂದು ಕೆವಿ ಎಂದರೆ ಸಾವಿರ ವೋಲ್ಟ್) ಮಟ್ಟಕ್ಕೆ ಏರಿ, ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸುವ ತಂತಿಜಾಲವಾದ ಗ್ರಿಡ್ ಸೇರುತ್ತದೆ. ಸೇರಿದ ಮೇಲೆ ಅದು ರಾಯಚೂರಿನದಾಗಿ ಉಳಿಯುವುದಿಲ್ಲ. ಇಡೀ ದೇಶದ ಬೇಡಿಕೆ ಮತ್ತು ಉತ್ಪಾದನೆ ಪ್ರತಿ ಕ್ಷಣವೂ ಸಮನಾಗಿರಬೇಕು, ಸಮನಾಗಿದೆಯೇ ಎಂಬುದನ್ನು 50 ಹರ್ಟ್ಸ್ ಎಂಬ ಆವರ್ತನ, ಅಂದರೆ ವಿದ್ಯುತ್ತು ಸೆಕೆಂಡಿಗೆ ಐವತ್ತು ಬಾರಿ ತೂಗುವ ಲಯ, ಹೇಳುತ್ತದೆ. ಬಳಕೆ ಹೆಚ್ಚಾದರೆ ಅದು ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಭಾಗಿಸಿ, ಯಾವ ಸ್ಥಾವರ ಎಷ್ಟು ಕೊಡಬೇಕೆಂದು ನಿಗದಿಪಡಿಸುತ್ತಾರೆ. ಪಾವಗಡದ ಸೌರ ವಿದ್ಯುತ್ತು ಮಧ್ಯಾಹ್ನ ಹೇರಳವಾಗಿ ಬಂದಾಗ ಶಕ್ತಿನಗರದ ಘಟಕಗಳಿಗೆ ಇಳಿಸಿ ಎಂಬ ಸೂಚನೆ ಬರುತ್ತದೆ. ಸೂರ್ಯ ಮುಳುಗಿದೊಡನೆ ಏರಿಸಿ ಎಂಬ ಸೂಚನೆ ಬರುತ್ತದೆ. ಮಳೆಗಾಲದಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಗಾಳಿಯಂತ್ರಗಳು ಜೋರಾಗಿ ತಿರುಗಿ ಪಂಪ್‌ಸೆಟ್ಟುಗಳ ಬೇಡಿಕೆ ಇಳಿದಾಗ ಕೆಲವು ಘಟಕಗಳನ್ನು ನಿಲ್ಲಿಸಿಯೇ ಬಿಡುತ್ತಾರೆ. ಚಿಮಣಿಯಲ್ಲಿ ಹೊಗೆ ಕಾಣದಿದ್ದರೆ ಸ್ಥಾವರ ಕೆಟ್ಟಿದೆ ಎಂದು ತಿಳಿಯಬೇಕಿಲ್ಲ.

ಈ ಗ್ರಿಡ್ಡಿನ ಚರಿತ್ರೆಯಲ್ಲಿ ನಮ್ಮ ಜಿಲ್ಲೆಗೆ ಒಂದು ದೊಡ್ಡ ಸ್ಥಾನವಿದೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತ, ಪೂರ್ವ ಭಾರತಗಳ ಗ್ರಿಡ್ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕುಳಿತಾಗ ದಕ್ಷಿಣದಲ್ಲಿ ಏನೂ ಆಗಲಿಲ್ಲ. ಆಗ ದಕ್ಷಿಣದ ಗ್ರಿಡ್ ಉಳಿದ ದೇಶದೊಡನೆ ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿನ, ಸಂಪರ್ಕಗಳ ಮೂಲಕ ಮಾತ್ರ ಕೂಡಿತ್ತು, ಎರಡು ಕಡೆಯ ಆವರ್ತನಗಳೂ ಬೇರೆಯಾಗಿದ್ದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗ ಚಾಲನೆಗೊಂಡ ಮೇಲೆ ಇಡೀ ದೇಶ ಒಂದೇ ಆವರ್ತನದ ಒಂದೇ ಗ್ರಿಡ್ ಆಯಿತು. ಭಾರತವನ್ನು ಒಂದು ಮಾಡಿದ ಆ ತಂತಿ ಹೊರಟದ್ದು ರಾಯಚೂರಿನಿಂದ.

ಇನ್ನು ಗಡಿಯ ವಿಷಯ. ದೇವಸೂಗೂರಿನ ಸೇತುವೆ ದಾಟಿದರೆ ತೆಲಂಗಾಣ. ಮೇಲಿನ ದೊಡ್ಡ ಟವರುಗಳ ಸಾಲು ನದಿಯನ್ನೂ ರಾಜ್ಯವನ್ನೂ ದಾಟಿ ಹೋಗುತ್ತದೆ, ಆದರೆ ಊರಿಗೆ ಬರುವ 11 ಕೆವಿ ಲೈನು ಗಡಿಯಲ್ಲಿ ನಿಲ್ಲುತ್ತದೆ, ಏಕೆಂದರೆ ಹಂಚುವ ಪರವಾನಗಿ ಆಯಾ ರಾಜ್ಯದ ಕಂಪನಿಯದು. ನದಿಯ ಆಚೆಗೂ ಈಚೆಗೂ ಬೀಗತನ ಇರುವ ಮನೆಗಳಲ್ಲಿ ಹೊಲದ ಮಾತು ಬಂದರೆ ಹೋಲಿಕೆ ತಪ್ಪಿದ್ದಲ್ಲ: ಅಲ್ಲಿ 2018ರ ಜನವರಿ 1ರಿಂದ ಕೃಷಿಗೆ ದಿನದ 24 ಗಂಟೆಯೂ ಉಚಿತ ವಿದ್ಯುತ್ ಎಂಬ ನೀತಿ ಬಂತು, ಇಲ್ಲಿ ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತವಾಗಿ ಕೊಡುವುದು ಏಳು ಗಂಟೆಗಳ ತ್ರೀ ಫೇಸ್, ಅಂದರೆ ಮೋಟರು ಓಡಿಸಲು ಬೇಕಾದ ಮೂರು ತಂತಿಯ ವಿದ್ಯುತ್.

ನಮ್ಮಲ್ಲಿ ಹಂಚುವವರು ಜೆಸ್ಕಾಂ. ಹಳೆಯ ಕೆಇಬಿ, ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ, ಒಡೆದು ಸಾಗಣೆಯ ಕೆಲಸ ಕೆಪಿಟಿಸಿಎಲ್‌ಗೆ ಹೋಯಿತು, 2002ರಲ್ಲಿ ಹಂಚಿಕೆಗೆ ಪ್ರತ್ಯೇಕ ಕಂಪನಿಗಳಾದವು. ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಜೆಸ್ಕಾಂ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ ಈ ಭಾಗದ ಜಿಲ್ಲೆಗಳನ್ನು ನೋಡಿಕೊಳ್ಳುತ್ತದೆ. ಹಳ್ಳಿಯ ಹಿರಿಯರು ಇಂದಿಗೂ ಕೆಇಬಿ ಎಂದೇ ಹೇಳುತ್ತಾರೆ, ನೀವು ಗೊಂದಲಪಡಬೇಡಿ.

ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇರುವುದು ಈ ಕೊನೆಯ ಹಂತದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಎತ್ತಿಕೊಂಡ ಮೇಲೆ ಮಾನ್ವಿ, ಸಿರವಾರದ ಟೇಲ್‌ಎಂಡ್ ರೈತರಿಗೆ ನೀರು ಸಣ್ಣಗಾಗುವಂತೆ, ಸಬ್‌ಸ್ಟೇಷನ್ನಿನಿಂದ ಹಳ್ಳಿಗಳಿಗೆ ಹೋಗುವ ಉದ್ದನೆಯ 11 ಕೆವಿ ಲೈನಿನ, ಅಂದರೆ ಫೀಡರಿನ, ತುದಿಯಲ್ಲಿ ವೋಲ್ಟೇಜು ಬೀಳುತ್ತದೆ. ತುದಿಯ ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 63 ಅಥವಾ 100 ಕೆವಿಎಯದು. ಭತ್ತದ ಹಂಗಾಮಿನಲ್ಲಿ ತ್ರೀ ಫೇಸ್ ಬಂದ ಕೂಡಲೇ ಅದರ ಮೇಲಿನ ಎಲ್ಲ ಮೋಟರುಗಳೂ ಒಮ್ಮೆಲೇ ಏಳುತ್ತವೆ. ತ್ರೀ ಫೇಸ್ ಹೋದ ಮೇಲೂ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲಿ ಮೋಟರು ಓಡಿಸುವ ರೂಢಿ ಕೆಲವೆಡೆ ಇದೆ. ಭಾರ ಒಂದೇ ಫೇಸಿನ ಮೇಲೆ ಬಿದ್ದು, ಎಣ್ಣೆ ಕಾದು ಟಿಸಿ ಸುಡುತ್ತದೆ. ಸುಟ್ಟ ಟಿಸಿಯನ್ನು ಹಳ್ಳಿಗಳಲ್ಲಿ 72 ಗಂಟೆಗಳೊಳಗೆ ಬದಲಿಸಬೇಕೆಂಬ ನಿಯಮವಿದೆ, ಆದರೆ ಕಾಳು ಕಟ್ಟುವ ಪೈರಿಗೆ ಮೂರು ದಿನ ಎಂಬುದು ಬಹಳ ದೀರ್ಘವಾದ ಕಾಲ. ಆಗ ರೈತರ ಮುಖ ನೋಡಿದವರಿಗೆ ಇದು ಬರೀ ಯಂತ್ರದ ವಿಷಯವಲ್ಲವೆಂದು ತಿಳಿಯುತ್ತದೆ.

ಮಣ್ಣೂ ಮರವೂ ತಮ್ಮ ಪಾಲು ಸೇರಿಸುತ್ತವೆ. ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವುದರಿಂದ ಕಂಬಗಳು ವಾಲುತ್ತವೆ, ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಲೈನಿನ ಕೆಳಗೆ ಬಳ್ಳಾರಿ ಜಾಲಿ ಕಡಿದಷ್ಟೂ ಚಿಗುರುತ್ತದೆ. ಗಾಳಿಗೆ ಒಂದು ಟೊಂಗೆ ತಂತಿಗೆ ತಾಗಿದರೂ ಸಬ್‌ಸ್ಟೇಷನ್ನಿನಲ್ಲಿ ಆ ಫೀಡರ್ ಟ್ರಿಪ್ ಆಗುತ್ತದೆ. ಹೀಗಾಗಿ ಮುಂಗಾರಿಗೆ ಮುಂಚಿನ ಗಾಳಿ ಎದ್ದಾಗ ಹೋಗುವ ಕರೆಂಟು ಕೊರತೆಯಿಂದ ಹೋದದ್ದಲ್ಲ. ಕೊರತೆಯಾದಾಗ ಮಾಡುವ ಲೋಡ್‌ಶೆಡ್ಡಿಂಗ್ ಬೇರೆ, ಲೈನ್ ಕೆಟ್ಟು ನಿಲ್ಲುವುದು ಬೇರೆ.

ಕೆಟ್ಟ ಲೈನನ್ನು ಸರಿಪಡಿಸುವ ಕೆಲಸ ಹೊರಗಿನವರಿಗೆ ನಿಧಾನವಾಗಿ ಕಾಣಬಹುದು. ಲೈನ್‌ಮನ್ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕೇಳುತ್ತಾನೆ. ಅಲ್ಲಿನ ಆಪರೇಟರ್ ಫೀಡರ್ ತೆಗೆದು, ಪುಸ್ತಕದಲ್ಲಿ ಬರೆದುಕೊಂಡು, ಎಲ್‌ಸಿ ನಂಬರ್ ಕೊಡುತ್ತಾನೆ. ಆ ಮೇಲೆ ಲೈನ್‌ಮನ್ ಕಂಬದ ಸ್ವಿಚ್ ಎಳೆದು, ಮೂರೂ ತಂತಿಗಳನ್ನು ಅರ್ಥ್ ಮಾಡಿ ಹತ್ತಬೇಕು. ಯಾರದೋ ಮನೆಯ ಜನರೇಟರಿನಿಂದ ಹಿಮ್ಮುಖವಾಗಿ ಬಂದ ಕರೆಂಟು ಸತ್ತ ಲೈನಿನಲ್ಲೂ ಹರಿಯಬಹುದು, ಅದಕ್ಕೇ ಆ ಅರ್ಥಿಂಗ್. ಈ ಹತ್ತು ನಿಮಿಷಗಳನ್ನು ಉಳಿಸಿ ಬೇಗ ಹತ್ತು ಎಂದು ಊರವರು ಅವಸರಿಸಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ.

ದರವನ್ನು ಜೆಸ್ಕಾಂ ತಾನೇ ನಿರ್ಧರಿಸುವುದಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸಿ ನಿಗದಿಪಡಿಸುತ್ತದೆ. ಪಂಪ್‌ಸೆಟ್ಟುಗಳ ಉಚಿತ ವಿದ್ಯುತ್ತಿನ ಹಣವನ್ನು ಸರ್ಕಾರ ಸಬ್ಸಿಡಿಯಾಗಿ ತುಂಬಬೇಕು. ಅದು ತಡವಾದರೆ ಹಂಚುವ ಕಂಪನಿ ತಯಾರಿಸುವವರಿಗೆ ಕೊಡುವುದು ತಡವಾಗುತ್ತದೆ, ಅವರು ಕಲ್ಲಿದ್ದಲಿಗೆ ಕೊಡುವುದೂ ತಡವಾಗುತ್ತದೆ. ನೀವು ಬಾಡಿಗೆ ಮನೆಯಲ್ಲಿರುವುದರಿಂದ ಗೃಹಜ್ಯೋತಿಗೆ ಆ ಮನೆಯ ಆರ್‌ಆರ್ ನಂಬರಿಗೆ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ನಿಮ್ಮ ಆಧಾರ್ ಜೋಡಿಸಿ ನೋಂದಾಯಿಸಿ. ಕರೆಂಟ್ ಹೋದಾಗ ಮೊದಲು ಪಕ್ಕದ ಮನೆ ನೋಡಿ. ನಿಮ್ಮದೊಂದೇ ಹೋಗಿದ್ದರೆ ಮೀಟರ್ ಬಳಿಯ ಫ್ಯೂಸ್ ಇರಬಹುದು, ಓಣಿಯೆಲ್ಲ ಹೋಗಿದ್ದರೆ 1912ಕ್ಕೆ ಫೋನ್ ಮಾಡಿ, ಆರ್‌ಆರ್ ನಂಬರ್ ಹೇಳಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಟಿಸಿಯ ಫ್ಯೂಸನ್ನು ಬಡಿಗೆಯಿಂದ ಎತ್ತಲು ಯಾರಾದರೂ ಮುಂದಾದರೆ, ಅವರು ಎಷ್ಟೇ ಅನುಭವಸ್ಥರಾಗಿದ್ದರೂ, ತಡೆಯಿರಿ.