ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ತುಣುಕುಗಳಿಂದಲೂ ಆರ್‌ಎನ್‌ಎ ತಯಾರಾಗುತ್ತದೆಯೇ? ಪ್ರೋಟೀನ್ ಮಾಡದಿದ್ದ ಮೇಲೆ ಅದರಿಂದ ಏನು ಉಪಯೋಗ?

ತಯಾರಾಗುತ್ತದೆ. ನಾನು ಲ್ಯಾಬಿನಲ್ಲಿ ಇಲಿಯ ಜೀವಕೋಶ ಬೆಳೆಸುವವಳು, ಹಾಗಾಗಿ ಇಲಿಯಿಂದಲೇ ಶುರು ಮಾಡುತ್ತೇನೆ.

ಇಲಿಯ ಡಿಎನ್‌ಎಯಲ್ಲಿ ಬಿ2 ಅನ್ನುವ ತುಣುಕು ಲಕ್ಷಗಟ್ಟಲೆ ಕಡೆ ಇದೆ. ಉದ್ದ ಸುಮಾರು 180 ಅಕ್ಷರ. ಹಿಂದೆ ಯಾವಾಗಲೋ ಒಂದು ಟಿಆರ್‌ಎನ್‌ಎ (ಪ್ರೋಟೀನ್ ಕಟ್ಟುವಾಗ ಅಮೈನೋ ಆಮ್ಲ ಹೊತ್ತು ತರುವ ಪುಟ್ಟ ಆರ್‌ಎನ್‌ಎ) ಜೀನ್‌ನಿಂದ ಹುಟ್ಟಿದ್ದು. ಆ ಜೀನ್‌ಗಳಲ್ಲಿ ‘ಇಲ್ಲಿಂದ ಓದು’ ಅನ್ನುವ ಗುರುತು ಹೊರಗಿರುವುದಿಲ್ಲ, ಜೀನ್‌ನ ಹೊಟ್ಟೆಯೊಳಗೇ ಇರುತ್ತದೆ. ಬಿ2 ಎಲ್ಲಿ ಹೋಗಿ ಕೂತರೂ ಆ ಗುರುತೂ ಜೊತೆಗೇ ಹೋಗುತ್ತದೆ. ಡಿಎನ್‌ಎ ಓದಿ ಅದರ ಆರ್‌ಎನ್‌ಎ ನಕಲು ಮಾಡುವ ಕಿಣ್ವಗಳಲ್ಲೊಂದಾದ ಆರ್‌ಎನ್‌ಎ ಪಾಲಿಮರೇಸ್ 3 ಅದನ್ನು ಹಿಡಿದು ಓದುತ್ತದೆ. ಮನುಷ್ಯರಲ್ಲಿ ಇದೇ ಥರ ಇರುವುದು ಆಲು: ಸುಮಾರು 300 ಅಕ್ಷರ, 10 ಲಕ್ಷಕ್ಕೂ ಜಾಸ್ತಿ ಪ್ರತಿಗಳು. ನಮ್ಮ ಡಿಎನ್‌ಎಯಲ್ಲಿ ಹತ್ತರಲ್ಲೊಂದು ಪಾಲು ಇದೇ!

ಮಾಮೂಲಿ ದಿನಗಳಲ್ಲಿ ಕೋಶ ಇವುಗಳಿಗೆ ಮಿಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿಸಿ, ಡಿಎನ್‌ಎ ಸುತ್ತಿಡುವ ಹಿಸ್ಟೋನ್ ಪ್ರೋಟೀನ್‌ಗೆ ಬಿಗಿಯಾಗಿ ಸುತ್ತಿ, ಬಾಯಿ ಮುಚ್ಚಿಸಿಟ್ಟಿರುತ್ತದೆ. 37 ಡಿಗ್ರಿಯಲ್ಲಿ ಆರಾಮಾಗಿರುವ ಕೋಶಗಳನ್ನು ಇನ್ನೂ ಬಿಸಿಯಾದ ನೀರಿನ ತೊಟ್ಟಿಗೆ ಇಳಿಸಿ ನೋಡಿ, ಬಿ2 ಆರ್‌ಎನ್‌ಎ ದಿಢೀರನೆ ಏರುತ್ತದೆ. ಆಮೇಲೆ ಅದು ಪಾಲಿಮರೇಸ್ 2ಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ನಮ್ಮ ಪ್ರೋಟೀನ್ ಜೀನ್‌ಗಳನ್ನೆಲ್ಲ ಓದುವ ಯಂತ್ರವೇ ಅದು, ಅಲ್ವಾ? ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಪ್ರೋಟೀನಿನಂಥವುಗಳ ಜೀನ್‌ಗಳ ಕೆಲಸ ನಿಂತುಹೋಗುತ್ತದೆ. ಬಿಸಿಯಿಂದ ಕೋಶವನ್ನು ಕಾಪಾಡುವ ಎಚ್‌ಎಸ್‌ಪಿ70 ಜೀನ್ ಮಾತ್ರ ಓಡುತ್ತಿರುತ್ತದೆ. ಬಿ2 ವಿಷಯ ಗೊತ್ತಾಗಿದ್ದು 2004ರಲ್ಲಿ. ಆಲು ಕೂಡ ಇದನ್ನೇ ಮಾಡುತ್ತದೆ ಅಂತ 2008ರಲ್ಲಿ ತೋರಿಸಿದರು.

ಒಂದು ಎಚ್ಚರಿಕೆ. ಕೋಶದ ಆರ್‌ಎನ್‌ಎ ಅಕ್ಷರಗಳನ್ನು ಯಂತ್ರದಲ್ಲಿ ಓದಿಸಿದ ಸೀಕ್ವೆನ್ಸಿಂಗ್ ಡೇಟಾದಲ್ಲಿ ಆಲು ಕಂಡಿತು ಅಂತ ಕುಣಿಯಬೇಡಿ. ದೊಡ್ಡ ಜೀನ್‌ಗಳ ಇಂಟ್ರಾನ್ (ಆರ್‌ಎನ್‌ಎ ಆದಮೇಲೆ ಕತ್ತರಿಸಿ ತೆಗೆಯುವ ಭಾಗ) ಒಳಗೆ ಆಲು ಬೇಕಾದಷ್ಟು ಕೂತಿರುತ್ತದೆ. ಆ ಜೀನ್ ಓದುವಾಗ ಇದೂ ಸುಮ್ನೆ ಜೊತೆಗೆ ಬಂದಿರುತ್ತದೆ. ನನಗೆ ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸಿ ತೋರಿಸುವ (ಚಿಕ್ಕದು ಕೆಳಗೆ, ಉದ್ದದ್ದು ಮೇಲೆ) ಹಳೇ ನಾರ್ದರ್ನ್ ಬ್ಲಾಟ್ ಮೇಲೇ ನಂಬಿಕೆ. ಪಾಲಿಮರೇಸ್ 3 ಮಾಡಿದ ಬಿ2 ಆಗಿದ್ದರೆ ಬ್ಲಾಟ್‌ನ ಕೆಳಗಡೆ ಚೊಕ್ಕವಾದ ಗೆರೆ ಮೂಡುತ್ತದೆ. ಜೊತೆಗೆ ಬಂದದ್ದು ಮೇಲಿನಿಂದ ಕೆಳಗಿನವರೆಗೂ ಮಸಿ ಬಳಿದಂತೆ ಹರಡಿರುತ್ತದೆ. ಇನ್ನೂ ಅನುಮಾನ ಇದ್ದರೆ ಆಲ್ಫಾ-ಅಮಾನಿಟಿನ್ ಹಾಕಿ. ಅದು ಅಣಬೆಯ ವಿಷ. ಸ್ವಲ್ಪ ಹಾಕಿದರೆ ಪಾಲಿಮರೇಸ್ 2 ನಿಲ್ಲುತ್ತದೆ, 3 ನಿಲ್ಲಬೇಕಾದರೆ ಪ್ರಮಾಣ ತುಂಬಾ ಜಾಸ್ತಿ ಬೇಕು.

ಹಾಗಂತ ‘ಜಂಕ್ ಡಿಎನ್‌ಎ, ಅಂದರೆ ಕೆಲಸಕ್ಕೆ ಬಾರದ ಡಿಎನ್‌ಎ, ಅನ್ನೋದೇ ಇಲ್ಲ’ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಪ್ರತಿಗಳು ಕಾಲಕಾಲಕ್ಕೆ ಕೆಟ್ಟು, ಓದಲಾಗದ ಸ್ಥಿತಿಯಲ್ಲಿವೆ. ಓದಿಸಿಕೊಂಡವೂ ಯಾವಾಗಲೂ ಒಳ್ಳೆಯದನ್ನೇ ಮಾಡುವುದಿಲ್ಲ. ವಯಸ್ಸಾದವರ ಕಣ್ಣಿನ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆಯುವ ಒಂದು ಕಾಯಿಲೆಯಲ್ಲಿ ಡೈಸರ್ ಎಂಬ ಕಿಣ್ವ ಕಡಿಮೆಯಾಗಿ, ಅದು ಕತ್ತರಿಸಬೇಕಿದ್ದ ಆಲು ಆರ್‌ಎನ್‌ಎ ರಾಶಿ ಬಿದ್ದು, ರೆಟಿನಾದ ಹಿಂದಿನ ಕೋಶಗಳನ್ನು ಸಾಯಿಸುತ್ತದೆ ಅಂತ 2011ರಲ್ಲಿ ವರದಿಯಾಯಿತು.