ಅಣಬೆ ಲೇಖನ ಕಳಿಸಿದವರಿಗೆ

ನಮಸ್ಕಾರ. ‘ಮಳೆಗಾಲದ ಅಣಬೆ’ ಓದಿದೆ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮೂರನೇ ಪ್ಯಾರಾ ನನಗೆ ಸಿಟ್ಟು ತರಿಸಿತು.

“ಸೂಕ್ತ ವಾತಾವರಣ ಸಿಕ್ಕಾಗ ಎಳೆಗಳು ಒಟ್ಟುಗೂಡಿ ಅಣಬೆಯಾಗುತ್ತವೆ” ಎಂದು ಬರೆದಿದ್ದೀರಿ. ಎಳೆಗಳು ಅಂದರೆ ಶಿಲೀಂಧ್ರದ ನೂಲಿನಂಥ ದೇಹ, ಅದು ಸರಿ. ಆದರೆ ಸೂಕ್ತ ಅಂದರೆ ಏನು? ತಂಪೋ, ತೇವವೋ, ಬೆಳಕೋ, ಗಾಳಿಯೋ? ಓದುವವರಿಗೆ ಬೇಕಾದ್ದೇ ಅದು. ಅದನ್ನೇ ನುಂಗಿಬಿಟ್ಟಿದ್ದೀರಿ.

ಮುಂದಿನ ಸಾಲು: “ವಾತಾವರಣವು ಬೆಳವಣಿಗೆಗೆ ನೆರವಾಗುತ್ತದೆ.” ಬರೀ ನೆರವಲ್ಲ, ಅಣಬೆಯ ಆಕಾರವನ್ನೇ ಅದು ಬದಲಿಸುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಎನೋಕಿ ನೋಡಿದ್ದೀರಾ? ಬೆಳ್ಳಗೆ, ಉದ್ದ ಕಾಂಡ, ಮೊಳೆಯಷ್ಟು ತಲೆ. ಅದೇ ಅಣಬೆ ಕಾಡಿನ ಮರದ ಮೇಲೆ ಕಂದು ಬಣ್ಣಕ್ಕಿರುತ್ತದೆ, ಕಾಂಡ ಗಿಡ್ಡ, ಛತ್ರಿ ಅಗಲ. ಜಪಾನಿನ ಬೆಳೆಗಾರರು ಅದನ್ನು ಬಾಟಲಿಯಲ್ಲಿ ಬೆಳೆಸುತ್ತಾರೆ. ಬಾಯಿಗೆ ಕಾಗದದಂಥ ಕೊಳವೆ ಸುತ್ತಿ, ಅಣಬೆಯೇ ಬಿಟ್ಟ ಇಂಗಾಲದ ಡೈಆಕ್ಸೈಡ್ ಅಲ್ಲೇ ನಿಲ್ಲುವಂತೆ ಮಾಡುತ್ತಾರೆ. ಬೆಳಕು ಕಡಿಮೆ, ಕೋಣೆ ತಂಪು. ಆ ಗಾಳಿಯಲ್ಲಿ ಕಾಂಡ ಉದ್ದವಾಗುತ್ತಾ ಹೋಗುತ್ತದೆ, ಛತ್ರಿ ಅರಳುವುದೇ ಇಲ್ಲ.

ನಾನು ಪತ್ರಿಕೆಗೆ ಹೊಸದಾಗಿ ಸೇರಿದ್ದಾಗ ನಮ್ಮ ಹಿರಿಯ ಸಂಪಾದಕರು ಒಂದು ಕೃಷಿ ಲೇಖನ ತಿದ್ದಲು ಕೊಟ್ಟರು. ಪೆನ್ನು ಹಿಡಿಯುವ ಮುಂಚೆ ಚಿಪ್ಪು ಅಣಬೆ ಬೆಳೆಯುವ ಶೆಡ್‌ಗೆ ಹೋಗಿ ಬಾ ಎಂದರು. ಒಳಗೆ ಭತ್ತದ ಹುಲ್ಲು ತುಂಬಿದ ಚೀಲಗಳು ತೂಗುತ್ತಿದ್ದವು. ಶೆಡ್ ನೋಡಿಕೊಳ್ಳುತ್ತಿದ್ದ ಅಮ್ಮ ಒಂದು ಮೂಲೆಯ ಚೀಲ ತೋರಿಸಿ, “ಇಲ್ಲಿ ಗಾಳಿ ಆಡ್ತಿಲ್ಲ ನೋಡಿ, ಕಾಲು ಉದ್ದ ಬಂದಿದೆ” ಎಂದರು. ಕಿಟಕಿ ಪಕ್ಕದ ಚೀಲದಲ್ಲಿ ಅದೇ ಬೀಜ, ಅದೇ ಹುಲ್ಲು. ಛತ್ರಿ ಮಾತ್ರ ಅಂಗೈಯಗಲ. ಹಿಂತಿರುಗಿದ ಮೇಲೆ ಸಂಪಾದಕರು ಕೇಳಿದ್ದು ಒಂದೇ: “ಏನು ಬದಲಾದರೆ ಏನಾಗುತ್ತದೆ?” ಈಗಲೂ ನಾನು ಪ್ರತಿ ವಿಜ್ಞಾನ ಬರಹಕ್ಕೂ ಇದನ್ನೇ ಕೇಳುತ್ತೇನೆ.

ನಿಮ್ಮ ಬರಹದಲ್ಲೂ ಉತ್ತರ ಕಾಲಿಗೇ ಸಿಕ್ಕಿತ್ತು. ಹುತ್ತದ ಅಣಬೆ ಕಿತ್ತಾಗ “ಉದ್ದನೆಯ ಬೇರು ಬಂತು” ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು, ಅಲ್ವಾ? ಬೇರಿನಂತೆ ಕಾಣುವ ಆ ಕಾಂಡದ ಭಾಗ ಇಳಿಯುವುದು ಗೆದ್ದಲುಗಳು ನೆಲದೊಳಗೆ ಸಾಕಿಕೊಂಡ ಶಿಲೀಂಧ್ರದ ತೋಟಕ್ಕೆ. ಗೂಡಿನೊಳಗೆ ಅದೇ ಶಿಲೀಂಧ್ರ ಎಳೆಗಳಾಗಿ, ಪುಟ್ಟ ಬಿಳಿ ಗುಂಡುಗಳಾಗಿ ಇರುತ್ತದೆ. ಗೆದ್ದಲು ಅದನ್ನು ತಿನ್ನುತ್ತವೆ. ಛತ್ರಿ ಅರಳುವುದು ಮಳೆ ಬಿದ್ದ ಮೇಲೆ, ನೆಲದ ಮೇಲೆ ಬಂದಾಗಲೇ.

ಇನ್ನೊಂದು ಸಾಲು: “ಒಂದೇ ರಾತ್ರಿಯಲ್ಲಿ ಹುಟ್ಟಿ ಬೆಳೆಯುತ್ತದೆ.” ಹುಟ್ಟುವುದು ಆ ರಾತ್ರಿಯಲ್ಲ. ಅದಕ್ಕೂ ಮುಂಚೆಯೇ ಎಳೆಗಳು ಹೆಣೆದುಕೊಂಡು ಗುಂಡುಸೂಜಿ ತಲೆಯಷ್ಟು ಮೊಗ್ಗು ಕಟ್ಟಿರುತ್ತವೆ. ಕಾಂಡ, ಛತ್ರಿಯ ಭಾಗಗಳು ಅದರಲ್ಲೇ ರೂಪ ಪಡೆದಿರುತ್ತವೆ. ರಾತ್ರೋರಾತ್ರಿ ಆಗುವುದು ಬಹುಮಟ್ಟಿಗೆ ಜೀವಕೋಶಗಳು ನೀರು ಹೀರಿ ಉಬ್ಬುವುದು. ಮಳೆಯ ಪಾತ್ರ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ‘ಪ್ರಕೃತಿಯ ಪವಾಡ’ ಎಂಬ ಸಾಲು ತೆಗೆದು ಇದನ್ನು ಬರೆಯಿರಿ.

ತಿದ್ದಿ ಕಳಿಸಿ. ಜಾಸ್ತಿ ಉದ್ದ ಬೇಡ, ಮೂರನೇ ಪ್ಯಾರಾ ಮಾತ್ರ ಪೂರ್ತಿ ಹೊಸದಾಗಿರಲಿ. ಸಾಧ್ಯವಾದರೆ ಅದಕ್ಕೂ ಮುಂಚೆ ಒಂದು ಅಣಬೆ ಶೆಡ್ ನೋಡಿ ಬನ್ನಿ.