ಕಣ್ಣೊಳಗಿನ ಗುಳ್ಳೆಯೂ ಚಾರ್ಮಾಡಿ ಘಾಟಿಯೂ

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ, ವಯಸ್ಸು 61. ಅಕ್ಷಿಪಟಲ (ರೆಟಿನಾ) ಕಳಚಿತ್ತೆಂದು ಹತ್ತು ದಿನಗಳ ಹಿಂದೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಕಣ್ಣಿಗೆ ಗ್ಯಾಸ್ ತುಂಬಿದ್ದಾರೆ. ವಿಮಾನ ಹತ್ತಬೇಡಿ ಎಂದಿದ್ದಾರೆ. ಸದ್ಯ ಮಗಳ ಮನೆಯಲ್ಲಿದ್ದೇನೆ. ತೋಟದಲ್ಲಿ ಅರೇಬಿಕಾ ಹಣ್ಣು ಉದುರುತ್ತಿದೆ. ಕಾರಿನಲ್ಲಿ ಊರಿಗೆ ಹೋಗಬಹುದೇ? ಜೂನ್‌ನಲ್ಲಿ ಮಗ ಲೇಹ್‌ಗೂ ಕರೆಯುತ್ತಿದ್ದಾನೆ.

ಉತ್ತರ: ಈಗ ಘಾಟಿ ಹತ್ತಲೇಬೇಡಿ. ವಿಮಾನ ಬೇಡವೆಂದವರು ಘಾಟಿಯ ಮಾತನ್ನೂ ಹೇಳಬೇಕಿತ್ತು. ನಮ್ಮ ವೃತ್ತಿಯವರಿಗೆ ಮಲೆನಾಡಿನ ರಸ್ತೆ ನೆನಪಾಗುವುದು ಕಡಿಮೆ. ಹಾರುವ ವಿಮಾನದೊಳಗೆ ಕುಳಿತವರು ಗಾಳಿಯ ಒತ್ತಡದ ಲೆಕ್ಕದಲ್ಲಿ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಕುಳಿತಂತೆ. ಸಮುದ್ರಮಟ್ಟದ ಮಂಗಳೂರಿನಿಂದ ಸುಮಾರು 970 ಮೀಟರ್ ಎತ್ತರದ ಮೂಡಿಗೆರೆಗೆ ಬಂದರೆ ನೀವು ಅದರ ಅರ್ಧ ಎತ್ತರ ಏರಿದಂತಾಯಿತು. ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೋಡಿದ್ದೀರಲ್ಲ? ಕಣ್ಣೊಳಗಿನ ಗುಳ್ಳೆಯೂ ಹಾಗೆಯೇ ಉಬ್ಬುತ್ತದೆ. ಪ್ಯಾಕೆಟ್ಟಿನಂತೆ ಹಿಗ್ಗಲು ಕಣ್ಣಿಗೆ ಜಾಗವಿಲ್ಲ. ಒಳಗಿನ ಒತ್ತಡ ಏರಿ ರಕ್ತದ ಹರಿವೇ ನಿಲ್ಲಬಹುದು.

ಹೀಗೆಯೇ ಶಿರಾಡಿ ಹತ್ತಿ ಬಂದ ಒಬ್ಬರು ಹಾಸನದ ನನ್ನ ಕ್ಲಿನಿಕ್ಕಿಗೆ ಕಣ್ಣು ಅದುಮಿಕೊಂಡೇ ಬಂದರು. ದೋಣಿಗಾಲ್ ದಾಟುವಷ್ಟರಲ್ಲಿ ಸಿಡಿತ ಶುರುವಾಗಿ, ಆ ಕಣ್ಣಿಗೆ ಕತ್ತಲೆ ಕವಿಯಿತಂತೆ. 20ರ ಆಸುಪಾಸಿನೊಳಗೆ ಇರಬೇಕಾದ ಕಣ್ಣಿನ ಒತ್ತಡ 40 ದಾಟಿತ್ತು. ನೋವು ಶುರುವಾದ ತಿರುವಿನಲ್ಲೇ ಕಾರು ತಿರುಗಿಸಿ ಕೆಳಗಿಳಿಯಬೇಕಿತ್ತು.

ಎಷ್ಟು ದಿನ ಕಾಯಬೇಕೆಂಬುದು ತುಂಬಿದ ಗ್ಯಾಸ್ ಯಾವುದೆಂಬುದರ ಮೇಲೆ ನಿಂತಿದೆ: ಒಂದು ಬಗೆ ಎರಡು ಮೂರು ವಾರಗಳಲ್ಲಿ ಕರಗಿದರೆ, ಇನ್ನೊಂದಕ್ಕೆ ಎರಡು ತಿಂಗಳು ಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತಾರೆ, ನೋಡಿ. ಸಿಲಿಕೋನ್ ಎಣ್ಣೆ ತುಂಬಿದ್ದರೆ ಈ ಭಯವಿರುತ್ತಿರಲಿಲ್ಲ, ಅದು ಉಬ್ಬುವುದಿಲ್ಲ. ಗ್ಯಾಸ್ ಕರಗುತ್ತಾ ಬಂದಂತೆ ನೋಟದಲ್ಲಿ ಗಾರೆಯವರ ರಸಮಟ್ಟದಲ್ಲಿರುವಂತೆ ತೂಗಾಡುವ ಗೆರೆಯೊಂದು ಕಂಡು, ದಿನದಿನಕ್ಕೆ ಕೆಳಗಿಳಿಯುತ್ತದೆ. ಕೊನೆಗೆ ಚಿಕ್ಕ ಗುಳ್ಳೆಯಾಗಿ ಮಾಯವಾಗುತ್ತದೆ. ಆಮೇಲೂ ವೈದ್ಯರು ನೋಡಿ ಒಪ್ಪಿದ ಮೇಲೆಯೇ ಹೊರಡಿ. ಅಷ್ಟರೊಳಗೆ ಬೇರೆ ಯಾವುದಕ್ಕಾದರೂ ಅರಿವಳಿಕೆ ಕೊಡುವುದಾದರೆ ಕಣ್ಣಲ್ಲಿ ಗ್ಯಾಸ್ ಇದೆಯೆಂದು ಮೊದಲೇ ಹೇಳಿ. ಹಣ್ಣು ಕೊಯ್ಲನ್ನು ಈ ವರ್ಷ ಮೇಸ್ತ್ರಿಗೆ ವಹಿಸಿ.

ಜೂನ್ ಹೊತ್ತಿಗೆ ಗ್ಯಾಸ್ ಇರುವುದಿಲ್ಲ. ವೈದ್ಯರು ಒಪ್ಪಿದರೆ ಲೇಹ್‌ಗೆ ಹೋಗಿ. ಅಲ್ಲಿ 3,500 ಮೀಟರ್ ಎತ್ತರದ ಬಿಸಿಲು, ಖರ್ದುಂಗ್ ಲಾದಲ್ಲಿ ಹಿಮ. ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ ಶೇ 80ರವರೆಗೂ ಮೇಲಕ್ಕೇ ಎಸೆಯುತ್ತದೆ, ಟೋಪಿಯ ಅಂಚು ಅದನ್ನು ತಡೆಯದು. ಪಕ್ಕಗಳೂ ಮುಚ್ಚಿರುವ, ಈ ಕಿರಣಗಳನ್ನು ತಡೆಯುವ ‘ಯುವಿ 400’ ಕನ್ನಡಕವನ್ನು ಮೋಡವಿದ್ದಾಗಲೂ ತೆಗೆಯಬೇಡಿ. ಎತ್ತರದ ಜಾಗದ ತಲೆನೋವು, ವಾಕರಿಕೆ ತಡೆಯಲೆಂದು ಅಲ್ಲಿ ಕೊಡುವ ಡೈಮಾಕ್ಸ್ ಮಾತ್ರೆ ಎಲ್ಲರಿಗೂ ಒಗ್ಗುವುದಿಲ್ಲ. ಸಲ್ಫಾ ಗುಂಪಿನ ಔಷಧಿಗಳ ಅಲರ್ಜಿ ಇದ್ದರೆ ಊರಲ್ಲೇ ವೈದ್ಯರಿಗೆ ತಿಳಿಸಿ.